ರೋಟರಿ ಎಂಜಿನ್ನಿಗೆ ಕಿಡಿ ಸಾಲದೇ ಹೋದಾಗ

ನನ್ನ ಭಾವಮೈದುನನ ಹತ್ತಿರ ರೋಟರಿ ಎಂಜಿನ್ನಿನ ಒಂದು ಕಾರಿದೆ, ಮಜ್ದಾ ಆರ್‌ಎಕ್ಸ್-8. ಜಯನಗರದ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಹೊದಿಕೆ ಹೊದ್ದುಕೊಂಡು ಮಲಗಿರುತ್ತದೆ, ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಕಡೆ ಒಂದು ಸುತ್ತು ಹೋಗಿ ಬರುತ್ತದೆ. ಅದನ್ನು ತೆಗೆದುಕೊಂಡು ಒಮ್ಮೆ ಉಡುಪಿಗೆ ಮದುವೆಗೆ ಹೋಗಿದ್ದ. ವಾಪಸ್ ಬರುವಾಗ ಗುಂಡ್ಯದ ಹತ್ತಿರ ಶಿರಾಡಿ ಘಾಟಿ ಶುರುವಾಗುತ್ತದಲ್ಲ, ಅಲ್ಲಿ ಮುಂದಿದ್ದ ಟ್ಯಾಂಕರ್ ದಾಟಲು ಪೂರ್ತಿ ಆಕ್ಸಿಲರೇಟರ್ ತುಳಿದಿದ್ದಾನೆ. ಗಾಡಿ ಕೆಮ್ಮಿದೆ. ಕಾಲು ಸಡಿಲಿಸಿದರೆ ಸರಿ, ತುಳಿದರೆ ಮತ್ತೆ ಕೆಮ್ಮು. ಸಕಲೇಶಪುರ ದಾಟುವಷ್ಟರಲ್ಲಿ ಕೆಮ್ಮು ಕಡಿಮೆ, ಬೆಂಗಳೂರು ಮುಟ್ಟಿದ ಮೇಲೆ ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಓಡಿತು.

"ಭಾವ, ಘಾಟಿ ಬುಡದಲ್ಲಿ ಮಾತ್ರ ಮಿಸ್ಸಿಂಗ್ ಹೊಡೀತಿತ್ತು. ದೊಡ್ಡ ಕಾಯಿಲ್ ಹಾಕಿಸಿಬಿಡ್ಲಾ?" ಅಂತ ಕೇಳಿದ. ಕಾಯಿಲ್ ಅಂದರೆ ಬ್ಯಾಟರಿಯ ಕರೆಂಟನ್ನು ಪ್ಲಗ್ಗಿನ ಕಿಡಿಗೆ ಬೇಕಾದ ಸಾವಿರಾರು ವೋಲ್ಟಿಗೆ ಏರಿಸುವ ಭಾಗ. ಅವನಿಗೆ ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ನೆಟ್ಟಗೆ ಬರೆಯುತ್ತಿದ್ದೇನೆ.

ಮೊದಲು ಈ ಎಂಜಿನ್ ಏನು ಅಂತ ನೋಡೋಣ. ಇದರಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಮಧ್ಯದಲ್ಲಿ ಸ್ವಲ್ಪ ಸೊಂಟ ಹಿಡಿದ ಮೊಟ್ಟೆಯಂಥ ಒಂದು ಗೂಡು, ಅದಕ್ಕೆ ಹೌಸಿಂಗ್ ಅನ್ನುತ್ತಾರೆ. ಅದರೊಳಗೆ ಮೂರು ಮೂಲೆಯ, ಉಬ್ಬಿದ ತ್ರಿಕೋನದಂಥ ರೋಟರ್ ಸುತ್ತುತ್ತದೆ. ಮೂರೂ ಮೂಲೆಯಲ್ಲಿ ಏಪೆಕ್ಸ್ ಸೀಲ್ ಅನ್ನುವ ತೆಳು ಪಟ್ಟಿಗಳಿವೆ, ಅವು ಗೋಡೆಗೆ ಒತ್ತಿಕೊಂಡೇ ಜಾರುತ್ತವೆ. ಹಾಗಾಗಿ ರೋಟರಿನ ಸುತ್ತ ಯಾವಾಗಲೂ ಮೂರು ಬೇರೆ ಬೇರೆ ಕೋಣೆಗಳು. ಒಂದು ಗಾಳಿ-ಪೆಟ್ರೋಲ್ ಎಳೆದುಕೊಳ್ಳುತ್ತಿದ್ದರೆ, ಇನ್ನೊಂದು ಒತ್ತುತ್ತಿರುತ್ತದೆ ಇಲ್ಲವೇ ಉರಿಯುತ್ತಿರುತ್ತದೆ, ಮತ್ತೊಂದು ಹೊಗೆ ಆಚೆ ಹಾಕುತ್ತಿರುತ್ತದೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಹುಟ್ಟುಹಾಕಿದ ಐಡಿಯಾ ಇದು. ಮಜ್ದಾ 1967ರ ಕಾಸ್ಮೊ ಸ್ಪೋರ್ಟ್‌ನಿಂದ ಹಿಡಿದು ಆರ್‌ಎಕ್ಸ್-7, ಆರ್‌ಎಕ್ಸ್-8ವರೆಗೆ ಹಟ ಹಿಡಿದು ಇದನ್ನೇ ಬೆಳೆಸಿತು. ಆರ್‌ಎಕ್ಸ್-8ರಲ್ಲಿ ಇಂಥ ರೋಟರ್ ಎರಡು, ಒಂದೊಂದು 654 ಸಿಸಿ, ಒಟ್ಟು 1308.

ಆರ್‌ಎಕ್ಸ್ ಅಂದರೆ ನಮ್ಮ ಕಡೆ ಯಮಹಾ ಆರ್‌ಎಕ್ಸ್100 ಅಲ್ವಾ? ಹೆಸರಿನ ಹೋಲಿಕೆ ಆಕಸ್ಮಿಕ. ಆದರೆ ಆ ಬೈಕ್ ಇಟ್ಟುಕೊಂಡು ಬೆಳೆದವರಿಗೆ ರೋಟರಿ ಎಂಜಿನ್ನಿನ ಅರ್ಧ ಸ್ವಭಾವ ಆಗಲೇ ಗೊತ್ತು. ಆ ಟೂ-ಸ್ಟ್ರೋಕಿನಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಉರಿಯುತ್ತದೆ. ರೋಟರಿಯಲ್ಲೂ ಅಷ್ಟೇ, ಸೀಲುಗಳಿಗೆ ಅಂತ ಒಂದು ಪಂಪ್ ಆಯಿಲನ್ನು ಒಳಗೆ ತೊಟ್ಟಿಕ್ಕುತ್ತಲೇ ಇರುತ್ತದೆ. ಅಲ್ಲಿ ಪ್ಲಗ್ ಕಪ್ಪಾಗುತ್ತದೆ, ನೆನೆಯುತ್ತದೆ. ಇಲ್ಲೂ ಅದೇ ಗೋಳು. ಎಲ್ಲಕ್ಕಿಂತ ಮುಖ್ಯವಾದದ್ದು, ಆರ್‌ಎಕ್ಸ್100ರಲ್ಲಿ ಕ್ರ್ಯಾಂಕ್ ಒಂದು ಸುತ್ತು ಸುತ್ತಿದರೆ ಒಂದು ಕಿಡಿ ಬೇಕು. ರೋಟರಿಯಲ್ಲೂ ಶಾಫ್ಟಿನ (ರೋಟರ್ ತಿರುಗಿಸುವ ನಡುವಿನ ದಂಡದ) ಒಂದು ಸುತ್ತಿಗೆ ಪ್ರತಿ ಪ್ಲಗ್ಗಿಗೂ ಒಂದು ಕಿಡಿ ಬೇಕು. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ಹೊಡೆದಿರುತ್ತದೆ, ರೋಟರಿಗೆ ಮೂರು ಮುಖ, ಲೆಕ್ಕ ಸರಿಹೋಯಿತು. ಮಾಮೂಲಿ ಫೋರ್-ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ.

ಈ ಸಣ್ಣ ವ್ಯತ್ಯಾಸದಲ್ಲೇ ಇಗ್ನಿಷನ್ನಿನ ತೊಂದರೆಯೆಲ್ಲ ಅಡಗಿದೆ. ಈಗಿನ ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಒಂದೊಂದು ಸಿಲಿಂಡರಿಗೆ ಒಂದೊಂದು ಕಾಯಿಲ್ ಇದೆ ಅಂದುಕೊಳ್ಳಿ. 6000 ಆರ್‌ಪಿಎಂನಲ್ಲಿ ಆ ಕಾಯಿಲ್ಲಿಗೆ ಒಂದು ಕಿಡಿಯಿಂದ ಮುಂದಿನ ಕಿಡಿಗೆ 20 ಮಿಲಿಸೆಕೆಂಡ್ ಸಿಗುತ್ತದೆ. ಆರ್‌ಎಕ್ಸ್-8 ಮ್ಯಾನ್ಯುವಲ್ ಗಾಡಿ 9000ದವರೆಗೆ ಹೋಗುತ್ತದೆ. ಅಲ್ಲಿ ಸಿಗುವುದು 6.7 ಮಿಲಿಸೆಕೆಂಡ್. ಮೂರರಲ್ಲೊಂದು ಪಾಲು.

ಇಷ್ಟರಲ್ಲಿ ಕಾಯಿಲ್ ಏನು ಮಾಡಬೇಕು? ಅದನ್ನು ಕಾವೇರಿ ನೀರಿನ ಹಾಗೆ ಯೋಚಿಸಿ. ನಲ್ಲಿಯಲ್ಲಿ ನೀರು ಬರುವ ಹೊತ್ತು ಇಷ್ಟೇ, ಅಷ್ಟರಲ್ಲಿ ಕೊಡ ತುಂಬಬೇಕು. ಬ್ಯಾಟರಿಯಿಂದ ಕರೆಂಟ್ ಕಾಯಿಲ್ಲಿಗೆ ಹರಿಯುವ ಆ ಹೊತ್ತಿಗೆ ಡ್ವೆಲ್ ಅನ್ನುತ್ತಾರೆ. ಕರೆಂಟ್ ಒಂದೇ ಏಟಿಗೆ ಏರುವುದಿಲ್ಲ, ನಿಧಾನಕ್ಕೆ ಏರುತ್ತದೆ, ಸಾಮಾನ್ಯವಾಗಿ ಮೂರರಿಂದ ಐದು ಮಿಲಿಸೆಕೆಂಡ್ ಬೇಕು. ಆಮೇಲೆ ಇಗ್ನೈಟರ್ ಅನ್ನುವ ಸ್ವಿಚ್ ಪಟ್ ಅಂತ ಕರೆಂಟ್ ಕಡಿಯುತ್ತದೆ, ಕಾಯಿಲ್ ಒಳಗೆ ಕೂಡಿಟ್ಟ ಶಕ್ತಿ ಸಾವಿರಾರು ವೋಲ್ಟ್ ಆಗಿ ಪ್ಲಗ್ಗಿನ ಗ್ಯಾಪ್ ಹಾರುತ್ತದೆ. ಕೊಡ ಅರ್ಧವೇ ತುಂಬಿದ್ದರೆ ಕಿಡಿಯೂ ಅರ್ಧ ಅಂದುಕೊಳ್ಳಬೇಡಿ, ಇಲ್ಲಿ ಲೆಕ್ಕ ಇನ್ನೂ ಕೆಟ್ಟದು. ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಕರೆಂಟ್ ಅರ್ಧ ಆದರೆ ಕಿಡಿಯ ಶಕ್ತಿ ಕಾಲು ಭಾಗ.

ಇನ್ನು ಎರಡು ಪ್ಲಗ್ಗಿನ ವಿಷಯ. ಪಲ್ಸರ್ ಡಿಟಿಎಸ್-ಐ 2003ರಲ್ಲಿ ಬಂದಾಗ ಒಂದೇ ಸಿಲಿಂಡರಿಗೆ ಎರಡು ಪ್ಲಗ್ ಅಂತ ಎಷ್ಟು ಮಾತಾಡಿದ್ದೆವು! ಮಜ್ದಾ ರೋಟರಿಯಲ್ಲಿ ಅದು ಮೊದಲಿನಿಂದಲೂ ಇರುವ ವ್ಯವಸ್ಥೆ. ಉರಿಯುವ ಹೊತ್ತಿಗೆ ಇದರ ಕೋಣೆ ಉದ್ದಕ್ಕೆ, ತೆಳ್ಳಗೆ, ದೋಸೆಯ ಹಾಗೆ ಇರುತ್ತದೆ, ಅದೂ ಓಡುತ್ತಿರುವ ದೋಸೆ. ಒಂದು ತುದಿಗೆ ಬೆಂಕಿ ಹಚ್ಚಿದರೆ ಇನ್ನೊಂದು ತುದಿ ಬೇಯುವ ಮೊದಲೇ ಜಾಗ ಬದಲಾಗಿರುತ್ತದೆ. ಅದಕ್ಕೇ ರೋಟರಿಗೆ ಎರಡೆರಡು ಪ್ಲಗ್. ಕೆಳಗಿರುವುದು ಲೀಡಿಂಗ್, ಮೇಲಿರುವುದು ಟ್ರೇಲಿಂಗ್. 1991ರಲ್ಲಿ ಲೆ ಮಾನ್ಸ್ ರೇಸ್ ಗೆದ್ದ ಮಜ್ದಾ 787ಬಿಯಲ್ಲಿ ಒಂದೊಂದು ರೋಟರಿಗೆ ಮೂರು ಪ್ಲಗ್ ಇತ್ತು.

ಲೀಡಿಂಗ್, ಟ್ರೇಲಿಂಗ್ ಇವೆರಡೂ ಸರಿಸಮಾನರಲ್ಲ. ಮುಖ್ಯ ಕೆಲಸ ಲೀಡಿಂಗ್‌ನದು. ಸಾಮಾನ್ಯವಾಗಿ ಮೊದಲು ಲೀಡಿಂಗ್ ಕಿಡಿ, ಸ್ವಲ್ಪ ಹೊತ್ತಿನ ಮೇಲೆ ಟ್ರೇಲಿಂಗ್ ಕಿಡಿ, ನಡುವಿನ ಅಂತರಕ್ಕೆ ಸ್ಪ್ಲಿಟ್ ಅಂತ ಹೆಸರು. ಎರಡನೇ ತಲೆಮಾರಿನ ಆರ್‌ಎಕ್ಸ್-7ರಲ್ಲಿ ಐಡಲಿಂಗ್‌ನಲ್ಲಿ ಲೀಡಿಂಗ್ ಕಿಡಿ ಟಾಪ್ ಡೆಡ್ ಸೆಂಟರ್ (ಕೋಣೆ ಅತಿ ಚಿಕ್ಕದಾಗುವ ಬಿಂದು) ಕಳೆದ 5 ಡಿಗ್ರಿಗೆ, ಟ್ರೇಲಿಂಗ್ 20 ಡಿಗ್ರಿಗೆ. ಹೌದು, ಕಳೆದ ಮೇಲೆ. ಪಿಸ್ಟನ್ ಎಂಜಿನ್ ಟೈಮಿಂಗ್ ಮಾಡಿ ಕೈ ಪಳಗಿದ ಮೆಕ್ಯಾನಿಕ್ ಇದನ್ನು ನೋಡಿ ತಪ್ಪಾಗಿದೆ ಅಂತ ಮುಂದಕ್ಕೆ ತಿರುಗಿಸಿಬಿಟ್ಟರೆ ಮುಗಿಯಿತು ಕಥೆ. ಟೈಮಿಂಗ್ ಅತಿಯಾಗಿ ಮುಂದೆ ಹೋದರೆ ಎಂಜಿನ್ ನಾಕ್ ಹೊಡೆಯುತ್ತದೆ, ಅಂದರೆ ಒಳಗಿನ ಗಾಳಿ-ಪೆಟ್ರೋಲ್ ಹದ ತಪ್ಪಿ ತಾನಾಗಿ ಸಿಡಿಯುತ್ತದೆ, ಪಿಸ್ಟನ್ ಎಂಜಿನ್ ನಾಕಿಂಗನ್ನು ಸ್ವಲ್ಪ ಹೊತ್ತಾದರೂ ತಡೆದುಕೊಂಡೀತು, ಇಲ್ಲಿ ಏಪೆಕ್ಸ್ ಸೀಲ್ ಮುರಿಯುತ್ತದೆ, ಅದರ ಚೂರು ಹೌಸಿಂಗನ್ನು ಗೀರುತ್ತದೆ, ಎಂಜಿನ್ ಬಿಚ್ಚಲೇಬೇಕು.

ಟ್ರೇಲಿಂಗ್ ಪ್ಲಗ್ ಎದುರಿನ ತೂತು ತುಂಬ ಸಣ್ಣದು. ಸೀಲ್ ಆ ತೂತಿನ ಮೇಲೆ ಹಾದುಹೋಗುವಾಗ ಒಂದು ಕೋಣೆಯ ಗ್ಯಾಸ್ ಪಕ್ಕದ ಕೋಣೆಗೆ ಸೋರಬಾರದು ಅಂತ ಹಾಗೆ ಮಾಡಿದ್ದಾರೆ. ಪ್ಲಗ್ ಸುರಂಗದೊಳಗೆ ಕೂತ ಹಾಗೆ ಇರುತ್ತದೆ. ಮಾಮೂಲಿ ಕಾರಿನ ಪ್ಲಗ್ ಹಾಕಿದರೆ ಏನಾಗುತ್ತದೆ ಅಂತ ಒಬ್ಬರು ಕೇಳಿದ್ದರು. ಅದರ ಮೂತಿ ಮುಂದಕ್ಕೆ ಚಾಚಿರುತ್ತದೆ, ರೋಟರ್ ಬಂದು ಬಡಿಯುವ ಅಪಾಯ ಇದೆ, ಇನ್ನೇನಿಲ್ಲ. ಆರ್‌ಎಕ್ಸ್-8ಕ್ಕೆ ಎನ್‌ಜಿಕೆ ಆರ್‌ಇ7ಸಿ-ಎಲ್ ಲೀಡಿಂಗ್‌ಗೆ, ಆರ್‌ಇ9ಬಿ-ಟಿ ಟ್ರೇಲಿಂಗ್‌ಗೆ. ಮೂರನೇ ತಲೆಮಾರಿನ ಆರ್‌ಎಕ್ಸ್-7ಕ್ಕೆ ಬಿಯುಆರ್7ಇಕ್ಯೂ ಮತ್ತು ಬಿಯುಆರ್9ಇಕ್ಯೂ. ಎನ್‌ಜಿಕೆ ನಂಬರಿನಲ್ಲಿ 7ಕ್ಕಿಂತ 9 ತಣ್ಣಗಿನ ಪ್ಲಗ್, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವಂಥದ್ದು. ಅದಲುಬದಲು ಮಾಡಬೇಡಿ.

ಈಗ ಘಾಟಿಯ ಒಗಟಿಗೆ ಬರೋಣ. ಗ್ಯಾಪ್ ಹಾರಲು ಎಷ್ಟು ವೋಲ್ಟ್ ಬೇಕು ಅನ್ನುವುದು ಆ ಹೊತ್ತಿನಲ್ಲಿ ಕೋಣೆಯೊಳಗೆ ಗಾಳಿ ಎಷ್ಟು ಒತ್ತಾಗಿದೆ ಅನ್ನುವುದರ ಮೇಲೆ ನಿಂತಿದೆ. ಒತ್ತು ಜಾಸ್ತಿ ಆದರೆ ವೋಲ್ಟ್ ಜಾಸ್ತಿ ಬೇಕು. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲೆ, ಇಲ್ಲಿ ಗಾಳಿಯ ಒತ್ತಡವೇ ಸುಮಾರು ಹತ್ತು ಪರ್ಸೆಂಟ್ ಕಡಿಮೆ. ಜೊತೆಗೆ ಊರೊಳಗೆ ಪೂರ್ತಿ ಆಕ್ಸಿಲರೇಟರ್ ತುಳಿಯಲು ಜಾಗ ಎಲ್ಲಿದೆ? ಸಿಲ್ಕ್ ಬೋರ್ಡಿನಲ್ಲಿ ನಿಂತ ಗಾಡಿಗೆ ಎಷ್ಟು ಬಡ ಕಾಯಿಲ್ ಇದ್ದರೂ ಸಾಕು. ಗುಂಡ್ಯದಲ್ಲಿ ಹಾಗಲ್ಲ. ಕೆಳಗಿನ ದಟ್ಟ ಗಾಳಿ, ಕಡಿದಾದ ಏರು, ಥ್ರಾಟಲ್ ಪೂರ್ತಿ ತೆರೆದಿದೆ. ಕೋಣೆಯೊಳಗೆ ಒತ್ತಡ ಗರಿಷ್ಠ. ಆಗಲೇ ಅರೆಜೀವವಾಗಿದ್ದ ಕಾಯಿಲ್ಲಿಗೆ ಅಷ್ಟು ವೋಲ್ಟ್ ಎತ್ತಲು ಆಗಲಿಲ್ಲ. ಮೇಲೆ ಹತ್ತುತ್ತಾ ಹೋದ ಹಾಗೆ ಗಾಳಿ ತೆಳುವಾಯಿತು, ಕಾಯಿಲ್ ಬದುಕಿತು. ಟರ್ಬೊ ಇರುವ ಆರ್‌ಎಕ್ಸ್-7ರಲ್ಲಿ ಬೂಸ್ಟ್ (ಟರ್ಬೊ ಒಳಗೆ ತಳ್ಳುವ ಗಾಳಿಯ ಒತ್ತಡ) ಏರಿಸಿದಾಗ ಬರುವ ಮಿಸ್ಸಿಂಗ್‌ಗೂ ಕಾರಣ ಇದೇ. ಗಾಳಿ ಕಿಡಿಯನ್ನು ಊದಿ ಆರಿಸುತ್ತದೆ ಅಂತ ಹೇಳುವುದುಂಟು, ಆರಿಸುವುದಲ್ಲ, ಕಿಡಿ ಹಾರುವುದೇ ಇಲ್ಲ.

ಹಾಗಾದರೆ ದೊಡ್ಡ ಕಾಯಿಲ್ ಹಾಕಿಸಬೇಕಾ? ನನ್ನ ಅಭಿಪ್ರಾಯ ಕೇಳಿದರೆ, ಟರ್ಬೊ ಇಲ್ಲದ, ಎಂಜಿನ್ ಮುಟ್ಟದ ಆರ್‌ಎಕ್ಸ್-8ಕ್ಕೆ ಮೊದಲು ಬೇಕಿರುವುದು ಒಳ್ಳೆಯ ಮಾಮೂಲಿ ಕಾಯಿಲ್. ಚೆನ್ನಾಗಿ ಉರಿಯುತ್ತಿರುವ ಎಂಜಿನ್ನಿಗೆ ಇನ್ನಷ್ಟು ದಪ್ಪ ಕಿಡಿ ಕೊಟ್ಟರೆ ಅದು ಇನ್ನಷ್ಟು ಚೆನ್ನಾಗಿ ಉರಿಯುವುದಿಲ್ಲ. ಉರಿಯಿತು ಅಂದರೆ ಉರಿಯಿತು. ದುಬಾರಿ ಕಿಟ್ ಹಾಕಿಸಿದ ಮೇಲೆ "ಪಿಕಪ್ ಎಷ್ಟು ಬಂತು ಗೊತ್ತಾ!" ಅನ್ನುವವರಲ್ಲಿ ಬಹಳ ಜನರ ಹಳೆಯ ಕಾಯಿಲ್ ಸತ್ತಿತ್ತು ಅಷ್ಟೇ.

ಆರ್‌ಎಕ್ಸ್-8ರ ನಾಲ್ಕು ಕಾಯಿಲ್‌ಗಳು ಎಂಜಿನ್ ಮೇಲೇ, ಬಿಸಿಯಲ್ಲೇ ಕೂತಿರುತ್ತವೆ. ಅವನ್ನು ಟೈರಿನ ಹಾಗೆ ಸವೆಯುವ ಸಾಮಾನು ಅಂತ ನೋಡುವುದು ಒಳ್ಳೆಯದು, ಈ ಗಾಡಿ ಇಟ್ಟುಕೊಂಡವರು ಸುಮಾರು 50,000 ಕಿ.ಮೀ. ಹೊತ್ತಿಗೆ ನಾಲ್ಕನ್ನೂ ಬದಲಿಸುವುದು ವಾಡಿಕೆ. ಕೆಟ್ಟ ಸಂಗತಿ ಏನೆಂದರೆ ಇದು ಒಂದೇ ಸಲ ಕೈಕೊಡುವುದಿಲ್ಲ, ಸದ್ದಿಲ್ಲದೆ ಕ್ಷೀಣಿಸುತ್ತದೆ. ಅದರ ಮೇಲೆ ಒಂದೊಂದು ರೋಟರಿಗೆ ಎರಡು ಪ್ಲಗ್ ಇರುವುದರಿಂದ ಒಂದು ಸತ್ತರೂ ಇನ್ನೊಂದು ಗಾಡಿ ಎಳೆಯುತ್ತದೆ, ತೊಂದರೆ ಮುಚ್ಚಿಹೋಗುತ್ತದೆ. ಟ್ರೇಲಿಂಗ್ ಒಂದು ಹೋದರೆ ಎಷ್ಟೋ ಜನರಿಗೆ ತಿಳಿಯುವುದೇ ಇಲ್ಲ, ಮೈಲೇಜ್ ಸ್ವಲ್ಪ ಬಿತ್ತು ಅಂದುಕೊಂಡು ಸುಮ್ಮನಾಗುತ್ತಾರೆ, ಹೇಗೂ ಈ ಗಾಡಿಯ ಮೈಲೇಜ್ ಬಗ್ಗೆ ಯಾರೂ ಹೆಮ್ಮೆಯಿಂದ ಹೇಳಿಕೊಳ್ಳುವುದಿಲ್ಲ. ಲೀಡಿಂಗ್ ಹೋದರೆ ತಿಳಿಯುತ್ತದೆ. ಉರಿಯದ ಪೆಟ್ರೋಲ್ ಸೀದಾ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿಯುತ್ತದೆ. ಅದು ಕೆಂಪಗೆ ಕಾದು, ಒಳಗಿನ ಜೇನುಗೂಡು ಕರಗಿ ದಾರಿ ಕಟ್ಟಿಕೊಳ್ಳುತ್ತದೆ. ಆಗ ಹೊಗೆ ಆಚೆ ಹೋಗಲು ಜಾಗವಿಲ್ಲದೆ ಎಂಜಿನ್ ಬೇಯುತ್ತದೆ. ಕಾಯಿಲ್ ಉಳಿಸಲು ಹೋಗಿ ಎಂಜಿನ್ ಕಳೆದುಕೊಳ್ಳುವುದು ಹೀಗೆ.

ಪರೀಕ್ಷೆ ಕಷ್ಟವೇನಲ್ಲ. ಸಾವಿರ ರೂಪಾಯಿ ಆಸುಪಾಸಿನ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ ನೋಡಿ. ಮಿಸ್ಸಿಂಗ್‌ನ ಕೋಡ್ ಪಿ0301 ಬಂದರೆ ಮುಂದಿನ ರೋಟರ್, ಪಿ0302 ಬಂದರೆ ಹಿಂದಿನದು. ಕೋಡ್ ಬರಲಿಲ್ಲ ಅಂದರೆ ಎಲ್ಲ ಸರಿ ಇದೆ ಅಂತ ಅರ್ಥವಲ್ಲ. ಸ್ಪಾರ್ಕ್ ಟೆಸ್ಟರ್ ಹಾಕಿ ನಾಲ್ಕನ್ನೂ ಒಂದೊಂದಾಗಿ ಹೋಲಿಸಿ, ಗ್ಯಾಪ್ ಹೆಚ್ಚಿಸುತ್ತಾ ಹೋದರೆ ಬಡಕಲು ಕಾಯಿಲ್ ತಾನಾಗಿ ಸಿಕ್ಕಿಬೀಳುತ್ತದೆ. ಬರಿಗೈಯಲ್ಲಿ ಪ್ಲಗ್ ವೈರ್ ಎಳೆದು "ಕರೆಂಟ್ ಹೊಡೀತಿದೆ ನೋಡಿ" ಅನ್ನುವ ಗ್ಯಾರೇಜ್ ವಿದ್ಯೆ ಇಲ್ಲಿ ಬೇಡ, ಕೈಗೂ ಒಳ್ಳೆಯದಲ್ಲ, ಇಗ್ನೈಟರಿಗೂ ಒಳ್ಳೆಯದಲ್ಲ. ಪ್ಲಗ್ ತೆಗೆಯಲು ಎಡಗಡೆ ಮುಂದಿನ ಚಕ್ರ ಬಿಚ್ಚಿ ಆ ಸಂದಿಯಿಂದ ಕೈ ಹಾಕುವುದು ಸುಲಭ.

ಪ್ಲಗ್, ವೈರ್ ಆದ ಮೇಲೆ ಅರ್ಥಿಂಗ್. ಯಾರೂ ಇದನ್ನು ನೋಡುವುದಿಲ್ಲ. ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಕಾಯಿಲ್ಲಿನ ಅರ್ಥ್ ಜಾಗಕ್ಕೆ ಇಡಿ. 0.1, 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅಲ್ಲೇ ತುಕ್ಕೋ ಸಡಿಲ ಬೋಲ್ಟೋ ಇದೆ. ಪಾಸಿಟಿವ್ ಕಡೆಗೂ ಹಾಗೇ ನೋಡಿ. ಕಾಯಿಲ್ಲಿಗೆ 14ರ ಬದಲು 12 ವೋಲ್ಟ್ ಸಿಕ್ಕರೆ ನಲ್ಲಿಯಲ್ಲಿ ನೀರು ಸಣ್ಣಗೆ ಬಂದ ಹಾಗೆ, ಅದೇ ಹೊತ್ತಿನಲ್ಲಿ ಕೊಡ ತುಂಬುವುದಿಲ್ಲ. ಬ್ಯಾಟರಿಯಿಂದ ನೇರವಾಗಿ ಒಂದು ದಪ್ಪ ವೈರ್, ಮಧ್ಯೆ ಫ್ಯೂಸ್ ಮತ್ತು ರಿಲೇ. ಎಸ್‌ಪಿ ರೋಡಿನಲ್ಲೋ ಜೆಸಿ ರೋಡಿನಲ್ಲೋ ಸಿಗುವ ಸಾಮಾನಿನಲ್ಲಿ ಆಗುವ ಕೆಲಸ. ನನ್ನ ಪ್ರಕಾರ ಇದೂ ಒಂದು ಅಪ್‌ಗ್ರೇಡೇ, ಫೋಟೋ ಹಾಕಿಕೊಳ್ಳಲು ಚೆನ್ನಾಗಿರುವುದಿಲ್ಲ ಅಷ್ಟೇ.

ನಿಜವಾದ ಅಪ್‌ಗ್ರೇಡ್ ಯಾರಿಗೆ ಬೇಕು? ಬೂಸ್ಟ್ ಏರಿಸಿದವರಿಗೆ, ಹಳೆಯ ಡಿಸ್ಟ್ರಿಬ್ಯೂಟರ್ (ಒಂದೇ ಕಾಯಿಲ್ಲಿನ ಕಿಡಿಯನ್ನು ಸರದಿ ಪ್ರಕಾರ ಪ್ಲಗ್ಗುಗಳಿಗೆ ಹಂಚುವ ಸಾಧನ) ಗಾಡಿ ಇರುವವರಿಗೆ. ಮೊದಲ ತಲೆಮಾರಿನ ಆರ್‌ಎಕ್ಸ್-7ರ 12ಎ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಇದೆ, ಎರಡೂ ರೋಟರಿನ ಲೀಡಿಂಗ್‌ಗೆ ಸೇರಿ ಒಂದು ಕಾಯಿಲ್, ಎರಡೂ ಟ್ರೇಲಿಂಗ್‌ಗೆ ಒಂದು. ಎರಡನೇ ಮತ್ತು ಮೂರನೇ ತಲೆಮಾರಿನಲ್ಲಿ ಡಿಸ್ಟ್ರಿಬ್ಯೂಟರ್ ಹೋಯಿತು. ಆದರೆ ಲೀಡಿಂಗ್‌ಗೆ ಮಾತ್ರ ಇನ್ನೂ ಒಂದೇ ಕಾಯಿಲ್, ಅದು ಎರಡೂ ರೋಟರಿಗೆ ಒಟ್ಟಿಗೇ ಕಿಡಿ ಹಾರಿಸುತ್ತದೆ. ಒಂದು ಕೆಲಸಕ್ಕೆ ಬರುತ್ತದೆ, ಇನ್ನೊಂದು ದಂಡ. ಇದಕ್ಕೆ ವೇಸ್ಟ್ ಸ್ಪಾರ್ಕ್ ಅನ್ನುತ್ತಾರೆ. 8000 ಆರ್‌ಪಿಎಂನಲ್ಲಿ ಆ ಬಡಪಾಯಿ ಕಾಯಿಲ್ಲಿಗೆ ಸಿಗುವುದು 3.75 ಮಿಲಿಸೆಕೆಂಡ್. ಅದನ್ನು ತೆಗೆದು ರೋಟರಿಗೊಂದರಂತೆ ಕಾಯಿಲ್ ಕೊಟ್ಟರೆ ಹೊತ್ತು ಒಮ್ಮೆಗೇ ಎರಡರಷ್ಟಾಗುತ್ತದೆ. ಕಾಯಿಲ್ ದೊಡ್ಡದಾಗಿದ್ದರಿಂದ ಸಿಕ್ಕ ಲಾಭಕ್ಕಿಂತ ಈ ಬಿಡುವಿನ ಲಾಭವೇ ದೊಡ್ಡದು.

ವೇಸ್ಟ್ ಸ್ಪಾರ್ಕ್ ಲೀಡಿಂಗ್‌ಗೆ ನಡೆಯುತ್ತದಲ್ಲ, ಟ್ರೇಲಿಂಗ್‌ಗೂ ಹಾಗೇ ಮಾಡಿ ಒಂದು ಕಾಯಿಲ್ ಉಳಿಸೋಣ ಅಂತ ಅನಿಸಬಹುದು. ಖಂಡಿತ ಬೇಡ. ಎರಡು ರೋಟರುಗಳು ಶಾಫ್ಟಿನ ಅರ್ಧ ಸುತ್ತಿನಷ್ಟು ಹಿಂದೆಮುಂದೆ ಇರುತ್ತವೆ. ಮೊದಲ ರೋಟರಿನಲ್ಲಿ ಬೆಂಕಿ ಹಚ್ಚುವ ಹೊತ್ತಿಗೆ ಎರಡನೆಯದರ ಒಂದು ಮೂಲೆ ಸರಿಯಾಗಿ ಎರಡು ಪ್ಲಗ್ಗಿನ ನಡುವೆ ನಿಂತಿರುತ್ತದೆ. ಆ ಮೂಲೆಯ ಮುಂದೆ, ಅಂದರೆ ಲೀಡಿಂಗ್ ಪ್ಲಗ್ ಇರುವ ಕಡೆ, ಉರಿದು ಮುಗಿದ ಗ್ಯಾಸ್. ಅಲ್ಲಿ ಕಿಡಿ ಹಾರಿದರೆ ಬೂದಿಗೆ ಕಡ್ಡಿ ಗೀರಿದ ಹಾಗೆ, ಏನೂ ಆಗುವುದಿಲ್ಲ. ಮೂಲೆಯ ಹಿಂದೆ, ಟ್ರೇಲಿಂಗ್ ಪ್ಲಗ್ ಕಡೆ, ಮುಂದಿನ ಸರದಿಯ ಹೊಸ ಗಾಳಿ-ಪೆಟ್ರೋಲ್ ಕಾಯುತ್ತಿದೆ. ಅಲ್ಲಿ ಕಿಡಿ ಬಿದ್ದರೆ ಅರ್ಧ ಸುತ್ತು ಮೊದಲೇ ಬೆಂಕಿ. ಅದಕ್ಕೇ ಮಜ್ದಾ ಆ ಗಾಡಿಗಳಲ್ಲಿ ಲೀಡಿಂಗ್‌ಗೆ ಒಂದೇ ಕಾಯಿಲ್ ಕೊಟ್ಟು, ಟ್ರೇಲಿಂಗ್‌ಗೆ ಮಾತ್ರ ಬೇರೆ ಬೇರೆ ಎರಡು ಕೊಟ್ಟಿತು. ಹಳೆಯ 12ಎ ಗಾಡಿಗೆ ಎರಡನೇ ತಲೆಮಾರಿನ ಲೀಡಿಂಗ್ ಕಾಯಿಲ್ ಜೋಡಿಸಿ, ಟ್ರೇಲಿಂಗನ್ನು ಡಿಸ್ಟ್ರಿಬ್ಯೂಟರಿನಲ್ಲೇ ಬಿಡುವ ಹಳೆಯ ಉಪಾಯ ನಡೆಯುವುದೂ ಇದೇ ಕಾರಣಕ್ಕೆ.

ಕಾಯಿಲ್ ಆಯ್ಕೆಯಲ್ಲಿ ಜನ ಹೆಚ್ಚಾಗಿ ಹೋಗುವುದು ಜನರಲ್ ಮೋಟಾರ್ಸ್‌ನ ಎಲ್‌ಎಸ್ ವಿ8 ಎಂಜಿನ್ನಿನ ಕಾಯಿಲ್‌ಗಳಿಗೆ, ಇಲ್ಲವೇ ಐಜಿಎನ್-1ಎ ಅನ್ನುವ ದಪ್ಪನೆಯ ಕಾಯಿಲ್‌ಗಳಿಗೆ. ಎರಡರ ಒಳಗೂ ಇಗ್ನೈಟರ್ ಸೇರಿಕೊಂಡಿದೆ. ಇಲ್ಲಿ ಎಡವುವುದು ಎರಡು ಕಡೆ. ಮೊದಲನೆಯದು ಡ್ವೆಲ್. ಕಂಪನಿಯ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ತನ್ನ ಸಣ್ಣ ಕಾಯಿಲ್ಲಿಗೆ ಬೇಕಾದಷ್ಟೇ ಹೊತ್ತು ನಲ್ಲಿ ಬಿಡುತ್ತದೆ. ನೀವು ಕೊಡದ ಬದಲು ಡ್ರಮ್ ಇಟ್ಟರೆ ಅದು ತುಂಬುವುದಿಲ್ಲ, ದುಡ್ಡು ಕೊಟ್ಟು ತಂದ ದೊಡ್ಡ ಕಾಯಿಲ್ ಅರೆಹೊಟ್ಟೆಯಲ್ಲೇ ಕೆಲಸ ಮಾಡುತ್ತದೆ. ಹಾಗಂತ ಡ್ವೆಲ್ ಸುಮ್ನೆ ಜಾಸ್ತಿ ಮಾಡಿದರೆ ಕಾಯಿಲ್ ಸುಡುತ್ತದೆ, ಕೆಲವು ಕಾಯಿಲ್‌ಗಳು ತುಂಬಿ ತುಳುಕಿದಾಗ ತಮ್ಮನ್ನು ಉಳಿಸಿಕೊಳ್ಳಲು ತಾವೇ ಕಿಡಿ ಬಿಟ್ಟುಬಿಡುತ್ತವೆ, ಟೈಮಿಂಗ್ ಬರುವ ಮೊದಲೇ. ಎರಡನೆಯದು ಟ್ರಿಗರ್. ಸಿಗ್ನಲ್ ಏರುವಾಗ ಕಿಡಿಯೋ ಇಳಿಯುವಾಗ ಕಿಡಿಯೋ ಅನ್ನುವುದನ್ನು ಇಸಿಯುನಲ್ಲಿ ಉಲ್ಟಾ ಇಟ್ಟರೆ ಒಂದೋ ಕಾಯಿಲ್ ಹೊಗೆಯಾಡುತ್ತದೆ, ಇಲ್ಲಾ ಕಿಡಿ ತಪ್ಪು ಹೊತ್ತಿಗೆ ಹಾರುತ್ತದೆ. ಎಲ್ಲ ಜೋಡಿಸಿದ ಮೇಲೆ ಟೈಮಿಂಗ್ ಲೈಟ್ ಹಿಡಿದು ಪುಲ್ಲಿಯ ಗುರುತು ನೋಡದೆ ಗಾಡಿ ರೇಸ್ ಮಾಡಬೇಡಿ. ಲ್ಯಾಪ್‌ಟಾಪ್ ಪರದೆಯಲ್ಲಿ ಕಾಣುವ ಡಿಗ್ರಿ ಲ್ಯಾಪ್‌ಟಾಪಿನದು, ಎಂಜಿನ್ನಿನದಲ್ಲ.

ಪ್ಲಗ್ ವೈರ್ ರೆಸಿಸ್ಟರ್ ಇರುವುದನ್ನೇ ಹಾಕಿ. ಬರೀ ತಾಮ್ರದ ವೈರ್ ಹಾಕಿದರೆ ಕಿಡಿ ಜೋರು ಅನ್ನುತ್ತಾರೆ, ಆದರೆ ಅದರ ಗದ್ದಲ ಕ್ರ್ಯಾಂಕ್ ಸೆನ್ಸರಿಗೆ ತಗುಲಿ ಇಸಿಯು ತಬ್ಬಿಬ್ಬಾಗುತ್ತದೆ.

ಸಿಡಿಐ ಬಾಕ್ಸಿನ ಬಗ್ಗೆಯೂ ಕೇಳುತ್ತಾರೆ. ಆರ್‌ಎಕ್ಸ್100ರಲ್ಲಿ ಇದ್ದದ್ದು ಅದೇ ತತ್ವ. ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಕೂಡಿಟ್ಟು ಒಂದೇ ಏಟಿಗೆ ಕಾಯಿಲ್ಲಿಗೆ ಸುರಿಯುತ್ತದೆ, ಆಯಿಲಿನಲ್ಲಿ ನೆನೆದ ಪ್ಲಗ್ಗಿನಲ್ಲೂ ಕಿಡಿ ಹಾರಿಸುತ್ತದೆ. ಆದರೆ ಆ ಕಿಡಿ ತುಂಬ ಚಿಕ್ಕ ಹೊತ್ತಿನದು. ಹಳೆಯ 12ಎಗೆ ಒಳ್ಳೆಯದು, ಹೊಸ ಗಾಡಿಯಲ್ಲಿ ನಾನಾದರೆ ಒಳ್ಳೆಯ ಕಾಯಿಲ್‌ಗಳ ಕಡೆಗೇ ಹೋಗುತ್ತೇನೆ.

ನಮ್ಮ ಗಾಡಿಯ ವಿಷಯಕ್ಕೆ ಬಂದರೆ, ಟೆಸ್ಟರ್ ಹಾಕಿದಾಗ ಹಿಂದಿನ ರೋಟರಿನ ಲೀಡಿಂಗ್ ಕಾಯಿಲ್ ಸೋತಿತ್ತು, ಮುಂದಿನ ಟ್ರೇಲಿಂಗ್ ಕೂಡ ಸೋಲುವ ದಾರಿಯಲ್ಲಿತ್ತು. ಅರ್ಥಿಂಗ್ ಬೋಲ್ಟಿನ ಕೆಳಗೆ ಬಿಳಿ ಪುಡಿ ಕಟ್ಟಿತ್ತು. ನಾಲ್ಕೂ ಮಾಮೂಲಿ ಕಾಯಿಲ್, ನಾಲ್ಕು ಪ್ಲಗ್, ವೈರ್ ತರಿಸಿ ಒಂದು ಶನಿವಾರ ಇಬ್ಬರೇ ಬೇಸ್‌ಮೆಂಟಿನಲ್ಲಿ ಕೂತು ಹಾಕಿದೆವು. ಜೋಶ್‌ನಲ್ಲಿ ಅವನು ಗಾಡಿ ಸ್ಟಾರ್ಟ್ ಮಾಡಿ, ಪಕ್ಕದವರಿಗೆ ದಾರಿ ಬಿಡಲು ಎರಡು ಅಡಿ ಹಿಂದೆ ತೆಗೆದು, ತಕ್ಷಣ ಆಫ್ ಮಾಡಿದ. ರೋಟರಿಗೆ ಇದನ್ನು ಮಾಡಲೇಬಾರದು. ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಒಳಗೆ ಪೆಟ್ರೋಲ್ ಉಳಿದು ಹೊಸ ಪ್ಲಗ್ಗೂ ನೆನೆಯುತ್ತದೆ. ಆಮೇಲೆ ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿದು, ಅಂದರೆ ಪೆಟ್ರೋಲ್ ಬರುವುದನ್ನು ನಿಲ್ಲಿಸಿ, ಬಿಟ್ಟು ಬಿಟ್ಟು ಸೆಲ್ಫ್ ಹೊಡೆದಾಗ ಹತ್ತು ನಿಮಿಷಕ್ಕೆ ಕಣ್ಣು ಬಿಟ್ಟಿತು. ಬೇಸ್‌ಮೆಂಟ್ ಪೂರ್ತಿ ಹೊಗೆ, ಸೆಕ್ಯುರಿಟಿಯವರು ಓಡಿ ಬಂದರು.

ಆಮೇಲೆ ಅವನು ಮತ್ತೆ ಶಿರಾಡಿ ಇಳಿದು ಹತ್ತಿ ಬಂದ, ಕೆಮ್ಮಲಿಲ್ಲವಂತೆ. ತೆಗೆದ ನಾಲ್ಕರಲ್ಲಿ ಚೆನ್ನಾಗಿದ್ದ ಎರಡು ಹಳೆಯ ಕಾಯಿಲ್ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲೇ ಇಟ್ಟುಕೊಂಡಿದ್ದಾನೆ. ಹಾಸನದಲ್ಲಿ ನಿಂತರೆ ಆ ಸಾಮಾನು ಎಲ್ಲಿ ಸಿಗಬೇಕು?